ಲೆಕ್ಕವೂ ಬೇಕು, ಊರೂ ತಿಳಿದಿರಬೇಕು: ವಿಮೆ, ಅಪಾಯ ನಿರ್ವಹಣೆ, ಗ್ರಾಮೀಣ ಸಮಾಜಶಾಸ್ತ್ರ ಓದಬಯಸುವವರಿಗೆ

ಮಳೆ ಕೈಕೊಟ್ಟರೆ ರೈತನಿಗೆ ಪರಿಹಾರ ಸಿಗುವಂಥ ವಿಮೆಯೊಂದನ್ನು ಮೈಸೂರು ಸಂಸ್ಥಾನಕ್ಕೆ ಸೂಚಿಸಿದವರು ಜೆ.ಎಸ್. ಚಕ್ರವರ್ತಿ. ಸಂಸ್ಥಾನದ ಸೇವೆಯಲ್ಲಿದ್ದ ಅವರು 1920ರಲ್ಲಿ ಈ ಕುರಿತು ಪುಸ್ತಕವನ್ನೇ ಪ್ರಕಟಿಸಿದರು. ಒಬ್ಬೊಬ್ಬ ರೈತನ ಹೊಲಕ್ಕೂ ಹೋಗಿ ನಷ್ಟ ಅಳೆಯುವುದು ಆಗದ ಮಾತು. ಆದ್ದರಿಂದ ಒಂದು ಪ್ರದೇಶವನ್ನು ಘಟಕವಾಗಿ ಹಿಡಿದು, ಅಲ್ಲಿ ಬಿದ್ದ ಮಳೆಯ ಲೆಕ್ಕದ ಮೇಲೆ ಪರಿಹಾರ ಕೊಡಬೇಕು ಎಂಬುದು ಅವರ ವಾದದ ತಿರುಳು. ಆ ಯೋಜನೆ ಆಗ ಕೈಗೂಡಲಿಲ್ಲ. ಸರ್ಕಾರದ ಹವಾಮಾನ ಆಧಾರಿತ ಬೆಳೆ ವಿಮಾ ಯೋಜನೆ ದೇಶದಲ್ಲಿ ಪ್ರಾಯೋಗಿಕವಾಗಿ ಆರಂಭವಾಗಲು 2007ರ ಮುಂಗಾರಿನವರೆಗೆ ಕಾಯಬೇಕಾಯಿತು. ಅದೂ ಶುರುವಾದದ್ದು ಕರ್ನಾಟಕದಲ್ಲೇ.

ವಿಮೆ ಎಂದೊಡನೆ ಮನೆಗೆ ಬರುವ ಏಜೆಂಟರನ್ನಷ್ಟೇ ನೆನೆಯುವ ವಿದ್ಯಾರ್ಥಿಗಳು ಈ ಇತಿಹಾಸವನ್ನು ತಿಳಿದಿರಬೇಕು. 1891ರಲ್ಲೇ ತನ್ನ ನೌಕರರಿಗಾಗಿ ಜೀವ ವಿಮೆ ತಂದ ಸಂಸ್ಥಾನ ನಮ್ಮದು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಬೇರು ಅಲ್ಲಿದೆ. 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗೆ ವರ್ಷಕ್ಕೆ 60 ರೂಪಾಯಿಯಲ್ಲಿ ಶಸ್ತ್ರಚಿಕಿತ್ಸೆಯ ರಕ್ಷಣೆ ಕೊಡಲು ಹೊರಟ ಯಶಸ್ವಿನಿಯೂ ಇಲ್ಲಿಯದೇ. ಈ ಯೋಜನೆಗಳೆಲ್ಲ ನಿಂತದ್ದು ಎರಡು ಬಗೆಯ ಅರಿವಿನ ಮೇಲೆ. ಒಂದು, ಹಣ ಮತ್ತು ಸಂಭವನೀಯತೆಯ ಲೆಕ್ಕ. ಇನ್ನೊಂದು, ಊರಿನ ಜನ ಹೇಗೆ ಬದುಕುತ್ತಾರೆ, ಯಾರ ಮಾತು ನಂಬುತ್ತಾರೆ ಎಂಬ ತಿಳಿವಳಿಕೆ. ಕಾಲೇಜಿನಲ್ಲಿ ಮೊದಲನೆಯದನ್ನು ವಾಣಿಜ್ಯ ವಿಭಾಗದವರು, ಎರಡನೆಯದನ್ನು ಕಲಾ ವಿಭಾಗದವರು ಮತ್ತು ಕೃಷಿ ವಿದ್ಯಾರ್ಥಿಗಳು ಓದುತ್ತಾರೆ. ಎರಡನ್ನೂ ಬಲ್ಲವರು ತೀರ ಕಡಿಮೆ. ಯಾವ ಕೋರ್ಸ್ ಸೇರಿದರೂ ಇನ್ನೊಂದು ಕಡೆಯ ಅರಿವನ್ನು ಜೊತೆಗೆ ಕಟ್ಟಿಕೊಳ್ಳಿ ಎಂಬುದೇ ಈ ಲೇಖನದ ಸಲಹೆ.

ಯಾವುದರಲ್ಲಿ ಏನಿದೆ?

ವಿಮಾ ಕೋರ್ಸ್‌ಗಳಲ್ಲಿ ಕಲಿಸುವುದು ಪಾಲಿಸಿ ಮಾರುವುದನ್ನಷ್ಟೇ ಅಲ್ಲ. ಯಾರಿಗೆ, ಯಾವ ಷರತ್ತಿನ ಮೇಲೆ, ಎಷ್ಟು ಕಂತಿಗೆ ವಿಮೆ ಕೊಡಬಹುದು ಎಂದು ತೀರ್ಮಾನಿಸುವ ಅಂಡರ್‌ರೈಟಿಂಗ್, ನಷ್ಟವಾದಾಗ ಕ್ಲೇಮ್ ಪರಿಶೀಲಿಸುವ ಬಗೆ, ವಿಮಾ ಕಂಪನಿಯೇ ತನ್ನ ಹೊರೆಯನ್ನು ಇನ್ನೊಂದು ಕಂಪನಿಯೊಡನೆ ಹಂಚಿಕೊಳ್ಳುವ ಮರುವಿಮೆ, ವಿಮಾ ಕಾನೂನು ಇವೆಲ್ಲ ಪಠ್ಯದಲ್ಲಿವೆ.

ಅಪಾಯ ನಿರ್ವಹಣೆ ಇದಕ್ಕಿಂತ ವಿಶಾಲ. ಬ್ಯಾಂಕಿನ ಸಾಲ ವಸೂಲಾಗದೆ ಹೋಗುವುದು, ಕಾರ್ಖಾನೆಗೆ ಬೆಂಕಿ ಬೀಳುವುದು, ಸೈಬರ್ ದಾಳಿ, ಬರ, ನೆರೆ ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಅಪಾಯವನ್ನು ಗುರುತಿಸಿ, ಅಳೆದು, ತಪ್ಪಿಸಬೇಕೋ ತಗ್ಗಿಸಬೇಕೋ ವಿಮೆಯ ಮೂಲಕ ಬೇರೆಯವರಿಗೆ ದಾಟಿಸಬೇಕೋ ಎಂದು ನಿರ್ಧರಿಸುವ ಕ್ರಮವನ್ನು ಇಲ್ಲಿ ಕಲಿಸುತ್ತಾರೆ. ಷೇರುಪೇಟೆಯ ಅತಿ ದೊಡ್ಡ 1000 ಕಂಪನಿಗಳು ಅಪಾಯ ನಿರ್ವಹಣಾ ಸಮಿತಿ ಹೊಂದಿರಲೇಬೇಕೆಂದು ಸೆಬಿ 2021ರಲ್ಲಿ ನಿಯಮ ತಂದ ಮೇಲೆ ಈ ವಿದ್ಯೆ ಬಲ್ಲವರ ಅಗತ್ಯ ಇನ್ನಷ್ಟು ಹೆಚ್ಚಿದೆ.

ಗ್ರಾಮೀಣ ಸಮಾಜಶಾಸ್ತ್ರ ಹಳ್ಳಿಯ ಜಾತಿ, ಕುಟುಂಬ, ಭೂಮಿ, ಅಧಿಕಾರ, ವಲಸೆ, ಸಹಕಾರಗಳನ್ನು ಅಧ್ಯಯನ ಮಾಡುತ್ತದೆ. ಈ ವಿಷಯದಲ್ಲಿ ನಮ್ಮ ನಾಡಿಗೆ ದೊಡ್ಡ ಪರಂಪರೆಯಿದೆ. ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸಮೀಪದ ಹಳ್ಳಿಯೊಂದರಲ್ಲಿ ನೆಲೆಸಿ ಮಾಡಿದ ಅಧ್ಯಯನ ಇಂದಿಗೂ ಜಗತ್ತಿನ ತರಗತಿಗಳಲ್ಲಿ ಪಾಠವಾಗಿದೆ. ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದಲ್ಲಿ ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳನ್ನು ಹೋಲಿಸಿ ನೋಡಿದರು. ಒಂದಕ್ಕೆ ನಾಲೆಯ ನೀರು ಬಂದಿತ್ತು, ಇನ್ನೊಂದಕ್ಕೆ ಬಂದಿರಲಿಲ್ಲ. ನೀರು ಬಂದ ಊರು ಕಬ್ಬಿನ ಆದಾಯದಲ್ಲಿ ಬೆಳೆದರೂ ಹಳೆಯ ಸಂಬಂಧಗಳು ಹಾಗೆಯೇ ಉಳಿದವು. ನೀರು ಬಾರದ ಊರಿನವರು ಮಂಡ್ಯದ ಪೇಟೆ, ಕಾರ್ಖಾನೆ, ವ್ಯಾಪಾರಗಳತ್ತ ಹೊರಟರು. ಅಲ್ಲಿ ಬದಲಾವಣೆ ಆಳವಾಗಿ ನಡೆಯಿತು. ಅಪಾಯ ನಿರ್ವಹಣೆ ಓದುವವರೂ ಈ ಅಧ್ಯಯನವನ್ನು ಓದಬೇಕು. ಒಂದೇ ಆದಾಯಕ್ಕೆ ಜೋತುಬೀಳದೆ ಹಲವು ದಾರಿ ಹುಡುಕಿಕೊಳ್ಳುವುದು ಜನ ತಾವಾಗಿಯೇ ಕಂಡುಕೊಂಡ ಅಪಾಯ ನಿರ್ವಹಣೆ.

ಒಂದು ಕ್ಲೇಮ್‌ನ ಲೆಕ್ಕ ಬಿಡಿಸಿ ನೋಡೋಣ

ಈ ಓದುಗಳು ಎಲ್ಲಿ ಕೂಡುತ್ತವೆ ಎಂಬುದು ಬೆಳೆ ವಿಮೆಯಲ್ಲಿ ಚೆನ್ನಾಗಿ ಕಾಣುತ್ತದೆ. 2016ರ ಮುಂಗಾರಿನಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತ ಕಟ್ಟುವುದು ಮುಂಗಾರು ಬೆಳೆಗೆ ವಿಮಾ ಮೊತ್ತದ ಗರಿಷ್ಠ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ 5. ಉಳಿದ ಕಂತನ್ನು ಸರ್ಕಾರಗಳು ಭರಿಸುತ್ತವೆ.

ಒಂದು ಪಂಚಾಯಿತಿಯಲ್ಲಿ ರಾಗಿಗೆ ಎಕರೆಗೆ ವಿಮಾ ಮೊತ್ತ 20,000 ರೂಪಾಯಿ ಎಂದಿಟ್ಟುಕೊಳ್ಳಿ. ರೈತ ಕಟ್ಟುವುದು 400 ರೂಪಾಯಿ. ಹಿಂದಿನ ಏಳು ವರ್ಷಗಳಲ್ಲಿ ಇಳುವರಿ ಚೆನ್ನಾಗಿ ಬಂದ ಐದು ವರ್ಷಗಳ ಸರಾಸರಿ ತೆಗೆದು, ಅದರಲ್ಲಿ ನಿಗದಿತ ಶೇಕಡಾವಾರನ್ನು ಲೆಕ್ಕ ಹಾಕಿದರೆ ಪ್ರಾರಂಭಿಕ ಇಳುವರಿ ಸಿಗುತ್ತದೆ. ಅದು ಎಕರೆಗೆ 8 ಕ್ವಿಂಟಲ್ ಇರಲಿ. ಈ ವರ್ಷ ಪಂಚಾಯಿತಿಯ ಇಳುವರಿ 5 ಕ್ವಿಂಟಲ್ ಬಂತು. ಕೊರತೆ ಎಂಟರಲ್ಲಿ ಮೂರು ಪಾಲು. 20,000ದ ಎಂಟನೇ ಮೂರು ಎಂದರೆ 7,500 ರೂಪಾಯಿ. ಇದು ಎಕರೆಗೆ ಸಿಗಬೇಕಾದ ಪರಿಹಾರ.

ಆ 5 ಕ್ವಿಂಟಲ್ ಎಂಬ ಅಂಕಿ ಬರುವುದು ಬೆಳೆ ಕಟಾವು ಪ್ರಯೋಗದಿಂದ. ಪ್ರಮುಖ ಬೆಳೆಯಾದರೆ ಪಂಚಾಯಿತಿಗೆ ಕನಿಷ್ಠ ನಾಲ್ಕು ಪ್ರಯೋಗ ನಡೆಯಬೇಕು. ಯಾದೃಚ್ಛಿಕವಾಗಿ ಆಯ್ದ ಸರ್ವೆ ನಂಬರಿನ ಹೊಲಕ್ಕೆ ಸಿಬ್ಬಂದಿ ಹೋಗಿ, ಹಗ್ಗ ಹಿಡಿದು ಗೊತ್ತಾದ ಅಳತೆಯ ತಾಕು ಗುರುತಿಸಿ, ಅದರೊಳಗಿನ ಪೈರನ್ನಷ್ಟೇ ಕೊಯ್ದು, ಬಡಿದು, ತೂರಿ, ತೂಗಿ, ಮೊಬೈಲ್ ಆ್ಯಪ್‌ನಲ್ಲಿ ಫೋಟೊ ಸಮೇತ ದಾಖಲಿಸುತ್ತಾರೆ. ಇಡೀ ಪಂಚಾಯಿತಿಯ ರೈತರ ಪರಿಹಾರ ಆ ಕೆಲವು ತಾಕುಗಳ ತೂಕದ ಮೇಲೆ ನಿಂತಿರುತ್ತದೆ. ನಿಮ್ಮ ಹೊಲ ಒಣಗಿ, ಪ್ರಯೋಗ ನಡೆದ ಹೊಲಗಳು ಹಸಿರಾಗಿದ್ದರೆ ನಿಮಗೆ ಪರಿಹಾರ ಬರುವುದಿಲ್ಲ. ಲೆಕ್ಕ ಬಲ್ಲವರು ಈ ಅಂತರವನ್ನು ಅಂಕಿಯಲ್ಲಿ ಅಳೆಯುತ್ತಾರೆ. ಈ ಅಂತರವೇ ಯೋಜನೆಯ ಮೇಲಿನ ನಂಬಿಕೆಯನ್ನು ಕೆಡಿಸುತ್ತದೆ ಎಂಬುದು ಊರು ಬಲ್ಲವರಿಗೆ ಗೊತ್ತು.

ಮುಂದಿನ ಪ್ರಶ್ನೆಗಳಿಗೆ ವಿಮೆಯ ಪಠ್ಯದಲ್ಲಷ್ಟೇ ಉತ್ತರ ಹುಡುಕಿದರೆ ಸಿಗದು. ನೋಂದಣಿಗೆ ಪಹಣಿ ಬೇಕು. ಆದರೆ ಪಹಣಿ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದ್ದು, ಪೌತಿ ಖಾತೆ ಆಗದೆ ಉಳಿದ ಕುಟುಂಬಗಳು ಎಷ್ಟೋ ಇವೆ. ಕೋರಿಗೋ ಲಾವಣಿಗೋ ಬಾಯಿಮಾತಿನಲ್ಲಿ ಹೊಲ ಮಾಡುವವನ ಬಳಿ ಕಾಗದವೇ ಇರುವುದಿಲ್ಲ. ಬಿತ್ತನೆಯಿಂದ ಕಣದವರೆಗೆ ದುಡಿಯುವ ಹೆಣ್ಣುಮಗಳ ಹೆಸರು ಪಹಣಿಯಲ್ಲಿ ಬರುವುದು ಅಪರೂಪ. ಆಲಿಕಲ್ಲು ಬಿದ್ದರೆ 72 ಗಂಟೆಯೊಳಗೆ ದೂರು ದಾಖಲಿಸಬೇಕೆಂಬ ನಿಯಮ ಇಂಥವರನ್ನು ಮುಟ್ಟುವುದು ಹೇಗೆ? ನಷ್ಟ ಯಾರದು, ಹಣ ಯಾರ ಖಾತೆಗೆ ಎಂಬ ಈ ಪ್ರಶ್ನೆಗಳು ನೇರವಾಗಿ ಗ್ರಾಮೀಣ ಸಮಾಜಶಾಸ್ತ್ರದವು.

ಪಿಯುಸಿ ಮುಗಿಸಿದವರಿಗೆ

ಗಣಿತದಲ್ಲಿ ನಿಜವಾದ ಆಸಕ್ತಿ ಇದ್ದರೆ ಆಕ್ಚುವರಿ ದಾರಿಯನ್ನು ಗಂಭೀರವಾಗಿ ಯೋಚಿಸಿ. ಸಾವು, ರೋಗ, ಅಪಘಾತ, ಬೆಳೆ ನಷ್ಟಗಳ ಸಂಭವನೀಯತೆ ಲೆಕ್ಕ ಹಾಕಿ ಕಂತು ನಿಗದಿ ಮಾಡುವ ತಜ್ಞರಿವರು. ನವಿ ಮುಂಬೈಯ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುವರೀಸ್ ಆಫ್ ಇಂಡಿಯಾ ನಡೆಸುವ ಎಸಿಇಟಿ ಪ್ರವೇಶ ಪರೀಕ್ಷೆಯನ್ನು ಹನ್ನೆರಡನೇ ತರಗತಿಯ ನಂತರ ಬರೆಯಬಹುದು. ಗಣಿತ, ಸಂಖ್ಯಾಶಾಸ್ತ್ರ, ದತ್ತಾಂಶ ವಿಶ್ಲೇಷಣೆ, ಇಂಗ್ಲಿಷ್, ತಾರ್ಕಿಕ ಪ್ರಶ್ನೆಗಳಿರುತ್ತವೆ. ಪಾಸಾದ ಮೇಲೆ ಹಂತ ಹಂತವಾಗಿ ಹತ್ತಕ್ಕೂ ಹೆಚ್ಚು ಪತ್ರಿಕೆಗಳನ್ನು ಮುಗಿಸಬೇಕು. ಪದವಿಯ ಜೊತೆಜೊತೆಗೆ, ಆಮೇಲೆ ಕೆಲಸ ಮಾಡುತ್ತಲೇ ಬರೆಯುವವರೇ ಹೆಚ್ಚು. ಹಲವು ವರ್ಷ ಹಿಡಿಯುವ, ತಾಳ್ಮೆ ಬೇಡುವ ದಾರಿ ಇದು. ಜೊತೆಗೆ ಸಂಖ್ಯಾಶಾಸ್ತ್ರ ಇರುವ ಬಿಎಸ್‌ಸಿ ಓದಿದರೆ, ಆಕ್ಚುವರಿ ಆಗದಿದ್ದರೂ ಕೈಯಲ್ಲೊಂದು ವಿದ್ಯೆ ಉಳಿಯುತ್ತದೆ.

ವಾಣಿಜ್ಯ ಓದುವವರು ಬಿಕಾಂ ಜೊತೆಗೇ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದ ಪರೀಕ್ಷೆಗಳನ್ನು ಕಟ್ಟಬಹುದು. 1955ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಲೈಸೆನ್ಶಿಯೇಟ್, ಅಸೋಸಿಯೇಟ್, ಫೆಲೋಶಿಪ್ ಎಂಬ ಮೂರು ಮೆಟ್ಟಿಲುಗಳಿವೆ. ಪಿಯುಸಿ ಆದವರು ಮೊದಲ ಮೆಟ್ಟಿಲು ಹತ್ತಬಹುದು. ಕಂಪನಿಗಳ ಒಳಗೆ ಕೆಲಸ ಮಾಡುವವರೂ ಬಡ್ತಿಗಾಗಿ ಬರೆಯುವುದು ಇವೇ ಪರೀಕ್ಷೆಗಳನ್ನು. ಆದ್ದರಿಂದ ಸಂದರ್ಶನದಲ್ಲಿ ಇವಕ್ಕೆ ಬೆಲೆಯಿದೆ.

ಮನೆಯ ಪರಿಸ್ಥಿತಿಯಿಂದ ತಕ್ಷಣ ದುಡಿಯಬೇಕಾದವರಿಗೆ ಏಜೆಂಟ್ ಪರೀಕ್ಷೆ ಇದೆ. ಹದಿನೆಂಟು ತುಂಬಿ ಹತ್ತನೇ ತರಗತಿ ಪಾಸಾದವರು ಬರೆಯಬಹುದು. ಕನ್ನಡದಲ್ಲೂ ಬರೆಯುವ ಅವಕಾಶವಿದೆ. 2024ರ ಡಿಸೆಂಬರ್‌ನಲ್ಲಿ ಆರಂಭವಾದ ಎಲ್‌ಐಸಿಯ ಬಿಮಾ ಸಖಿ ಯೋಜನೆ ಮಹಿಳೆಯರಿಗೆ ಮೀಸಲು. ಮೊದಲ ವರ್ಷ ತಿಂಗಳಿಗೆ 7,000, ಎರಡನೇ ವರ್ಷ 6,000, ಮೂರನೇ ವರ್ಷ 5,000 ರೂಪಾಯಿ ಪ್ರೋತ್ಸಾಹಧನವಿದ್ದು, ಅದಕ್ಕೆ ವ್ಯವಹಾರದ ಗುರಿಗಳ ಷರತ್ತುಗಳಿವೆ. ಷರತ್ತುಗಳನ್ನು ಪೂರ್ತಿ ಓದಿದ ಮೇಲೆ ಸೇರಿ.

ಇನ್ನು ಹಳ್ಳಿಯ ಅಧ್ಯಯನದತ್ತ ಒಲವಿದ್ದು ವಿಜ್ಞಾನ ಓದಿದವರಿಗೆ ಕೃಷಿ ವಿಶ್ವವಿದ್ಯಾಲಯಗಳ ನಾಲ್ಕು ವರ್ಷದ ಬಿಎಸ್‌ಸಿ ಕೃಷಿ ಆನರ್ಸ್ ಒಳ್ಳೆಯ ದಾರಿ. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗಗಳಲ್ಲಿ ವಿಶ್ವವಿದ್ಯಾಲಯಗಳಿವೆ. ಸಿಇಟಿ ಮೂಲಕ ಪ್ರವೇಶ. ರೈತರ ಮಕ್ಕಳಿಗೆ ಕೃಷಿಕ ಕೋಟಾ ಇದೆ. ಗ್ರಾಮೀಣ ಸಮಾಜಶಾಸ್ತ್ರ ಮತ್ತು ಶೈಕ್ಷಣಿಕ ಮನೋವಿಜ್ಞಾನ ಇಲ್ಲಿ ಕಡ್ಡಾಯ ವಿಷಯ. ಕೃಷಿ ಹಣಕಾಸು ಮತ್ತು ಸಹಕಾರದ ಪಾಠದಲ್ಲಿ ಬೆಳೆ ವಿಮೆಯೂ ಬರುತ್ತದೆ. ಕೊನೆಯ ವರ್ಷದ ಗ್ರಾಮೀಣ ಕಾರ್ಯಾನುಭವದಲ್ಲಿ ವಿದ್ಯಾರ್ಥಿಗಳು ಹಳ್ಳಿಯಲ್ಲೇ ಉಳಿದು, ಊರವರನ್ನು ಸೇರಿಸಿ ಬೀದಿಯಲ್ಲಿ ರಂಗೋಲಿ ಪುಡಿಯಿಂದ ಗ್ರಾಮದ ನಕ್ಷೆ ಬಿಡಿಸುತ್ತಾರೆ. ಕೆರೆ ಎಲ್ಲಿ, ಯಾರ ಕೇರಿ ಎಲ್ಲಿ, ನೀರು ಯಾರ ಹೊಲಕ್ಕೆ ಮೊದಲು ಹೋಗುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಟ್ಟುತ್ತದೆ. ಇದನ್ನು ಅಂಕಗಳಿಗಾಗಿ ಮುಗಿಸುವ ಕೆಲಸ ಎಂದುಕೊಳ್ಳಬೇಡಿ. ಇಡೀ ಪದವಿಯಲ್ಲಿ ಅತಿ ಹೆಚ್ಚು ಕಲಿಸುವ ತಿಂಗಳುಗಳು ಇವೇ.

ಕಲಾ ವಿಭಾಗದವರು ಬಿಎಯಲ್ಲಿ ಸಮಾಜಶಾಸ್ತ್ರದ ಜೊತೆಗೆ ಅರ್ಥಶಾಸ್ತ್ರ ಅಥವಾ ಸಂಖ್ಯಾಶಾಸ್ತ್ರ ಆರಿಸಿಕೊಂಡರೆ ಮುಂದೆ ಬಹಳ ಅನುಕೂಲ.

ಪದವಿ ಮುಗಿಸಿದವರಿಗೆ

ವಿಮೆಯಲ್ಲಿ ಸ್ನಾತಕೋತ್ತರ ಓದಿಗೆ ಮೊದಲು ನೆನಪಾಗುವುದು ಪುಣೆಯ ನ್ಯಾಷನಲ್ ಇನ್ಶೂರೆನ್ಸ್ ಅಕಾಡೆಮಿ. 1980ರಲ್ಲಿ ಸ್ಥಾಪನೆಯಾದ ಇಲ್ಲಿ ಎರಡು ವರ್ಷದ ಪಿಜಿಡಿಎಂ ಇದೆ. ಹೈದರಾಬಾದಿನ ಇನ್‌ಸ್ಟಿಟ್ಯೂಟ್ ಆಫ್ ಇನ್ಶೂರೆನ್ಸ್ ಆ್ಯಂಡ್ ರಿಸ್ಕ್ ಮ್ಯಾನೇಜ್‌ಮೆಂಟ್ ಅನ್ನು 2002ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಮತ್ತು ಅಂದಿನ ಆಂಧ್ರಪ್ರದೇಶ ಸರ್ಕಾರ ಸೇರಿ ಕಟ್ಟಿದವು. ಪ್ರಾಧಿಕಾರದ ಕೇಂದ್ರ ಕಚೇರಿಯೂ ಹೈದರಾಬಾದಿನಲ್ಲೇ ಇದೆ. ಗ್ರೇಟರ್ ನೊಯ್ಡಾದ ಬಿಮ್‌ಟೆಕ್‌ನಲ್ಲೂ ವಿಮಾ ವ್ಯವಹಾರದ ಪ್ರತ್ಯೇಕ ಪಿಜಿಡಿಎಂ ಇದೆ.

ಬ್ಯಾಂಕ್ ಮತ್ತು ಹಣಕಾಸು ಕಂಪನಿಗಳ ಅಪಾಯ ನಿರ್ವಹಣೆಗೆ ಎಫ್‌ಆರ್‌ಎಂ ಎಂಬ ಅಂತರರಾಷ್ಟ್ರೀಯ ಪರೀಕ್ಷೆಗೆ ಮನ್ನಣೆಯಿದೆ. ಎರಡು ಭಾಗ ಪಾಸಾಗಿ, ಎರಡು ವರ್ಷದ ಅನುಭವ ತೋರಿಸಿದರೆ ಪ್ರಮಾಣಪತ್ರ. ಶುಲ್ಕ ಡಾಲರ್ ಲೆಕ್ಕದಲ್ಲಿರುವುದರಿಂದ ಕೆಲಸಕ್ಕೆ ಸೇರಿದ ಮೇಲೆ ಬರೆಯುವುದು ಜಾಣತನ. ಬರ, ನೆರೆ, ಭೂಕುಸಿತದಂಥ ವಿಪತ್ತುಗಳತ್ತ ಆಸಕ್ತಿಯಿದ್ದರೆ ಇಗ್ನೋದ ವಿಪತ್ತು ನಿರ್ವಹಣಾ ಸ್ನಾತಕೋತ್ತರ ಡಿಪ್ಲೊಮಾ ಮನೆಯಲ್ಲೇ ಕುಳಿತು ಓದಬಹುದಾದದ್ದು.

ಗ್ರಾಮೀಣ ಅಧ್ಯಯನಕ್ಕೆ ರಾಜ್ಯದಲ್ಲೇ ಹಲವು ಬಾಗಿಲುಗಳಿವೆ. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇದಕ್ಕೆಂದೇ ಹುಟ್ಟಿದ್ದು. ಮೈಸೂರು, ಕರ್ನಾಟಕ, ಬೆಂಗಳೂರು ವಿಶ್ವವಿದ್ಯಾಲಯಗಳ ಎಂಎ ಸಮಾಜಶಾಸ್ತ್ರದಲ್ಲಿ ಗ್ರಾಮೀಣ ಸಮಾಜದ ಪಾಠವಿರುತ್ತದೆ. ಕೃಷಿ ಪದವೀಧರರಿಗೆ ಎಂಎಸ್‌ಸಿ ಕೃಷಿ ವಿಸ್ತರಣೆ ಸೂಕ್ತ. ದೂರಶಿಕ್ಷಣ ಬೇಕಾದವರಿಗೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ಎಂಎ, ಇಗ್ನೋದ ಗ್ರಾಮೀಣಾಭಿವೃದ್ಧಿ ಎಂಎ ಇವೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಡೆವಲಪ್‌ಮೆಂಟ್ ಎಂಎಗೆ ಕುಟುಂಬದ ಆದಾಯ ನೋಡಿ ಶುಲ್ಕ ರಿಯಾಯಿತಿ ಕೊಡುತ್ತಾರೆ. ಸಂಶೋಧನೆಗೆ ಬೆಂಗಳೂರಿನ ನಾಗರಭಾವಿಯಲ್ಲಿ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ) ಇದೆ. ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಆ ಸಂಸ್ಥೆಗೆ ಶ್ರೀನಿವಾಸ್ ಕೂಡ ಬಂದು ದುಡಿದರು.

ಹೊರರಾಜ್ಯಕ್ಕೆ ಹೋಗಬಲ್ಲವರು ಮೂರು ಹೆಸರು ಗುರುತಿಟ್ಟುಕೊಳ್ಳಿ. ವರ್ಗೀಸ್ ಕುರಿಯನ್ 1979ರಲ್ಲಿ ಕಟ್ಟಿದ ಗುಜರಾತಿನ ಆನಂದ್ ಪಟ್ಟಣದ ಗ್ರಾಮೀಣ ನಿರ್ವಹಣಾ ಸಂಸ್ಥೆ ಇರ್ಮಾ 2025ರಿಂದ ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯದ ಭಾಗವಾಗಿದೆ. ಹೈದರಾಬಾದಿನ ರಾಷ್ಟ್ರೀಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಯಲ್ಲಿ ಗ್ರಾಮೀಣಾಭಿವೃದ್ಧಿ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಇದೆ. ನಮ್ಮ ಗಡಿಗೆ ಹತ್ತಿರವೇ ಇರುವ ಮಹಾರಾಷ್ಟ್ರದ ತುಳಜಾಪುರದಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಗ್ರಾಮೀಣ ಆವರಣವಿದೆ.

ಓದಿದ ಮೇಲೆ ಕೆಲಸ?

ಎಲ್‌ಐಸಿ ಮತ್ತು ಸರ್ಕಾರಿ ಸಾಮಾನ್ಯ ವಿಮಾ ಕಂಪನಿಗಳ ಆಡಳಿತಾಧಿಕಾರಿ ಹುದ್ದೆಗಳಿಗೆ ಪದವೀಧರರು ಸ್ಪರ್ಧಾತ್ಮಕ ಪರೀಕ್ಷೆ ಬರೆಯಬಹುದು. 2003ರಿಂದ ಬೆಳೆ ವಿಮೆ ನಡೆಸುತ್ತಿರುವ ಸರ್ಕಾರಿ ಕಂಪನಿಯಾದ ಅಗ್ರಿಕಲ್ಚರ್ ಇನ್ಶೂರೆನ್ಸ್ ಕಂಪನಿ ನೇಮಕಾತಿ ಮಾಡುವಾಗ ಕೃಷಿ ಪದವೀಧರರಿಗೂ ಹುದ್ದೆಗಳಿರುತ್ತವೆ. ನಬಾರ್ಡ್‌ನ ಗ್ರೇಡ್ ಎ ಪರೀಕ್ಷೆಯ ಪಠ್ಯದಲ್ಲಿ ಆರ್ಥಿಕ, ಸಾಮಾಜಿಕ ವಿಷಯಗಳೂ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯೂ ಇವೆ. ಎರಡೂ ಕಡೆ ಓದಿಕೊಂಡವರಿಗೆ ಅದು ಹೇಳಿಮಾಡಿಸಿದ ಪರೀಕ್ಷೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಹುದ್ದೆ, ಸ್ವಯಂಸೇವಾ ಸಂಸ್ಥೆಗಳು, ರೈತ ಉತ್ಪಾದಕ ಕಂಪನಿಗಳು, ಖಾಸಗಿ ವಿಮಾ ಕಂಪನಿಗಳ ಗ್ರಾಮೀಣ ವಿಭಾಗಗಳು ಗ್ರಾಮೀಣ ಅಧ್ಯಯನ ಮಾಡಿದವರಿಗೆ ತೆರೆದಿವೆ. ನಷ್ಟ ಅಂದಾಜಿಸುವ ಸರ್ವೇಯರ್ ಆಗಬೇಕೆಂದರೆ ಅರ್ಹ ಪದವಿ, ತರಬೇತಿ, ಪರೀಕ್ಷೆ, ವಿಮಾ ನಿಯಂತ್ರಣ ಪ್ರಾಧಿಕಾರದ ಪರವಾನಗಿ ಬೇಕು.

ಶುಲ್ಕ ಕಟ್ಟುವ ಮುನ್ನ

ಪಿಜಿಡಿಎಂ ಡಿಪ್ಲೊಮಾ, ಪದವಿಯಲ್ಲ. ಅದಕ್ಕೆ ಎಐಸಿಟಿಇ ಮಾನ್ಯತೆ ಇದೆಯೇ, ಎಂಬಿಎಗೆ ಸಮಾನ ಎಂದು ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟ ಒಪ್ಪಿದೆಯೇ ಎಂದು ನೋಡಿ. ಮುಂದೆ ಪಿಎಚ್‌ಡಿ ಮಾಡುವ ಆಸೆಯಿದ್ದರೆ ಇದು ಮುಖ್ಯವಾಗುತ್ತದೆ. ದೂರಶಿಕ್ಷಣವಾದರೆ ಆ ವರ್ಷ ಆ ಕೋರ್ಸಿಗೆ ಯುಜಿಸಿ ಅನುಮತಿ ಇದೆಯೇ ಎಂದು ಯುಜಿಸಿ ಜಾಲತಾಣದಲ್ಲೇ ಪರಿಶೀಲಿಸಿ. ಕಾಲೇಜಿನವರ ಬಾಯಿಮಾತು ಸಾಲದು.

ಪಠ್ಯಕ್ರಮವನ್ನು ಕೇಳಿ ಪಡೆದು ಓದಿ. ವಿಮಾ ಕೋರ್ಸ್‌ನಲ್ಲಿ ಸಂಖ್ಯಾಶಾಸ್ತ್ರ, ಎಕ್ಸೆಲ್, ನಿಜವಾದ ಕ್ಲೇಮ್ ಕಡತಗಳ ಅಭ್ಯಾಸ ಇದೆಯೇ? ಗ್ರಾಮೀಣ ಕೋರ್ಸ್‌ನಲ್ಲಿ ಎಷ್ಟು ವಾರ ಕ್ಷೇತ್ರಕಾರ್ಯ, ಅದರ ಖರ್ಚು ಯಾರದು? ಹಿಂದಿನ ವರ್ಷ ಓದಿದ ಇಬ್ಬರು ಮೂವರೊಡನೆ ನೇರವಾಗಿ ಮಾತಾಡಿ, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಸಿಕ್ಕದ್ದು ಮಾರಾಟದ ಕೆಲಸವೋ ಬೇರೆಯೋ ಎಂದು ಕೇಳಿ.

ಯಾವ ಕಡೆ ಹೋಗುವುದೆಂದು ತೀರ್ಮಾನವಾಗದಿದ್ದರೆ ಒಂದು ಸಣ್ಣ ಅಭ್ಯಾಸ ಮಾಡಿ. ನಿಮ್ಮ ಊರಿನ ನಾಲ್ಕೈದು ಮನೆಗಳಿಗೆ ಹೋಗಿ, ಕಳೆದ ವರ್ಷ ಯಾವ ನಷ್ಟವಾಯಿತು, ಯಾವ ವಿಮೆ ಇತ್ತು, ಹಣ ಬಂತೇ, ಬಾರದಿದ್ದರೆ ಸಾಲ ಎಲ್ಲಿಂದ ತಂದರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಬರೆದದ್ದನ್ನು ಕೋಷ್ಟಕ ಮಾಡಿ ಕೂಡಿ ಕಳೆಯುವುದರಲ್ಲಿ ಮನಸ್ಸು ನಿಂತರೆ ವಿಮೆ, ಆಕ್ಚುವರಿಗಳತ್ತ ಹೊರಡಿ. ಅವರ ಮಾತುಗಳ ಹಿಂದಿನ ಕಾರಣಗಳನ್ನು ಕೆದಕುವುದರಲ್ಲಿ ನಿಂತರೆ ಗ್ರಾಮೀಣ ಸಮಾಜಶಾಸ್ತ್ರ ನಿಮ್ಮದು.

ಹಳ್ಳಿಯಿಂದ ಬಂದ ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಮಾತು. ನಿಮ್ಮ ಇಂಗ್ಲಿಷ್ ನಿಧಾನವಾಗಿ ಸುಧಾರಿಸುತ್ತದೆ. ಎಕ್ಸೆಲ್ ಕೆಲವೇ ತಿಂಗಳಲ್ಲಿ ಬರುತ್ತದೆ. ಆದರೆ ಪಹಣಿ ಯಾರ ಹೆಸರಲ್ಲಿದೆ, ಹೊಲ ಯಾರು ಮಾಡುತ್ತಾರೆ, ಸಂಘದ ಸಾಲ ಯಾರಿಗೆ ಸಿಗುತ್ತದೆ ಎಂಬ ನಿಮ್ಮ ತಿಳಿವಳಿಕೆಯನ್ನು ನಗರದ ಸಹಪಾಠಿ ಸಂಪಾದಿಸಲು ವರ್ಷಗಳು ಬೇಕು. ಸಂದರ್ಶನದಲ್ಲಿ ಅದನ್ನು ಮುಚ್ಚಿಡಬೇಡಿ, ಅರ್ಹತೆಯೆಂದೇ ಹೇಳಿ. ವಿಮೆ ನಿಜವಾಗಿ ಬೇಕಾಗಿರುವ ಮನೆಗಳಿಗೆ ಅದು ತಲುಪಬೇಕಾದರೆ, ಆ ಮನೆಗಳನ್ನು ಬಲ್ಲವರು ಕಂತು ನಿಗದಿ ಮಾಡುವ, ನಿಯಮ ಬರೆಯುವ ಕೊಠಡಿಗಳಲ್ಲಿ ಕುಳಿತಿರಬೇಕು.